ಅಜ್ಜಿಗೆ ತಿಂಡಿ ತಿಂದಿದ್ದು ನೆನಪಿಲ್ಲ, ಹೂ ಕಟ್ಟುವುದು ಮಾತ್ರ ಮರೆತಿಲ್ಲ. ಹೇಗೆ?

ಮೊಳ_ಮಲ್ಲಿಗೆ:
ನಮ್ಮಜ್ಜಿಗೆ 81. ಎರಡು ವರ್ಷದಿಂದ ಮರೆವು ಜಾಸ್ತಿಯಾಗಿದೆ, ಡಾಕ್ಟರ್ ಅಲ್ಝೈಮರ್ ಅಂದಿದ್ದಾರೆ. ಉಪ್ಪಿಟ್ಟು ತಿಂದು ಹತ್ತು ನಿಮಿಷಕ್ಕೆ "ಇವತ್ತು ತಿಂಡಿ ಇಲ್ವೇನೇ?" ಅಂತಾರೆ. ಆದರೆ ಎದುರಿಗೆ ಮಲ್ಲಿಗೆ ಮೊಗ್ಗು ಸುರಿದರೆ ಸಾಕು, ಬಾಳೆ ನಾರು ನೀರಲ್ಲಿ ಅದ್ದಿಕೊಂಡು, ಆ ಕಡೆ ಎರಡು ಈ ಕಡೆ ಎರಡು ಇಟ್ಟು, ನಾರು ಸುತ್ತಿ ಗಂಟು ಎಳೆದು, ಮಾತಾಡುತ್ತಲೇ ಎರಡು ಮೊಳ ಕಟ್ಟಿ ಹಾಕುತ್ತಾರೆ. ಆಮೇಲೆ ಅದನ್ನೇ ತೋರಿಸಿದರೆ "ಯಾರು ಕಟ್ಟಿದ್ದು, ಚೆನ್ನಾಗಿದೆ" ಅಂತಾರೆ!

ಇನ್ನೊಂದು. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದರು. ಬಿದ್ದಿದ್ದು ಒಂಚೂರೂ ನೆನಪಿಲ್ಲ. ಆದರೂ ಈಗ ಅಲ್ಲಿಗೆ ಹೋದರೆ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದು ನಿಂತುಬಿಡುತ್ತಾರೆ. ಯಾಕಜ್ಜಿ ಅಂದರೆ ಗೊತ್ತಿಲ್ಲ. ಚಿಕ್ಕಪ್ಪ ಇದೆಲ್ಲ ನಾಟಕ ಅಂತಾರೆ.

ಅರೆಬೆಂದ_ವಿಜ್ಞಾನಿ:
ನಾಟಕ ಅಲ್ಲ. ನೆನಪು ಅನ್ನೋದು ಮಿದುಳಲ್ಲಿ ಒಂದೇ ಉಗ್ರಾಣ ಅಲ್ಲ. ಇದು ಚೆನ್ನಾಗಿ ಗೊತ್ತಾಗಿದ್ದು ಅಮೆರಿಕದ ಹೆನ್ರಿ ಮೊಲೈಸನ್ ಅವರಿಂದ. ವಿಪರೀತ ಫಿಟ್ಸ್ ಬರುತ್ತಿತ್ತು, 1953ರಲ್ಲಿ, 27ನೇ ವಯಸ್ಸಿಗೆ, ಮಿದುಳಿನ ಎರಡೂ ಪಕ್ಕದ ಹಿಪೊಕ್ಯಾಂಪಸ್‌ನ (ಹೊಸ ನೆನಪು ಕೂಡಿಡಲು ಬೇಕಾದ ಭಾಗ) ದೊಡ್ಡ ಪಾಲು ತೆಗೆದರು. ಫಿಟ್ಸ್ ಕಡಿಮೆಯಾಯಿತು, ಆದರೆ ಅಲ್ಲಿಂದ ಮುಂದೆ ನಡೆದದ್ದು ಹೆಚ್ಚುಕಮ್ಮಿ ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ, 2008ರಲ್ಲಿ ಸಾಯುವವರೆಗೂ. ಬ್ರೆಂಡಾ ಮಿಲ್ನರ್ ಅನ್ನೋ ಮನಶ್ಶಾಸ್ತ್ರಜ್ಞೆ ಇವರಿಗೆ ಒಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಚಿತ್ರದ ಮೇಲೆ ಪೆನ್ಸಿಲ್ ಎಳೆಯುವುದು. (ಮನೆಯಲ್ಲಿ ಮಾಡಿ ನೋಡಿ, ಕೈ ಉಲ್ಟಾ ಓಡುತ್ತೆ.) ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಯಿತು. ಹಿಂದೆ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ!

ಕೈ ಕಲಿತದ್ದು ಬೇಸಲ್ ಗ್ಯಾಂಗ್ಲಿಯಾ, ಕಿರುಮಿದುಳು ಅನ್ನೋ ಮಿದುಳಿನ ಬೇರೆ ಭಾಗಗಳ ಬಾಬತ್ತು. ಅಲ್ಝೈಮರ್ ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಹಿಪೊಕ್ಯಾಂಪಸ್ ಆಸುಪಾಸಿಗೆ. ಅದಕ್ಕೇ ಉಪ್ಪಿಟ್ಟು ಹೋಯಿತು, ಮಲ್ಲಿಗೆ ಉಳಿಯಿತು.

ಗುಂಡುಸೂಜಿ:
ಬಚ್ಚಲ ವಿಷಯಕ್ಕೆ ನನ್ನ ಹೆಸರೇ ಉತ್ತರ 😄 ಜಿನೀವಾದ ಕ್ಲಾಪರೇಡ್ ಅನ್ನೋ ವೈದ್ಯ ಬೆರಳ ಸಂದಿಯಲ್ಲಿ ಸೂಜಿ ಅಡಗಿಸಿಕೊಂಡು ಮರೆವಿನ ರೋಗಿಯೊಬ್ಬಳ ಕೈ ಚುಚ್ಚಿದ. ಅವಳಿಗೆ ಸ್ವಲ್ಪ ಹೊತ್ತಿಗೇ ಮರೆತುಹೋಯಿತು. ಆದರೆ ಮತ್ತೆ ಅವನು ಕೈ ಚಾಚಿದರೆ ಕೈ ಹಿಂದಕ್ಕೆಳೆದುಕೊಂಡಳು. 1911ರಲ್ಲಿ ಬರೆದದ್ದು. ಈಗ ಇಂಥದ್ದಕ್ಕೆ ಯಾವ ಆಸ್ಪತ್ರೆಯೂ ಒಪ್ಪಲ್ಲ ಬಿಡಿ.

ಹಳೇ_ಸೊಸೆ:
ಬಚ್ಚಲಲ್ಲಿ ಹಿಡಿ ಹಾಕಿಸಿ, ಕಣ್ಣು ಮಂಡಿ ಎರಡೂ ತೋರಿಸಿ, ಎಲ್ಲಾ ನೆನಪಿನದೇ ಆಟ ಅಂದುಕೊಳ್ಳಬೇಡಿ. ಮತ್ತೆ ಕೈಗೆ ನೆನಪಿದೆ ಅಂತ ಖುಷಿಪಡುವಾಗ ಹುಷಾರು. ನಮ್ಮತ್ತೆ ಒಲೆ ಹಚ್ಚಿ ಹಾಲಿಡುವುದನ್ನು ಮರೆತಿರಲಿಲ್ಲ. ಇಟ್ಟಿದ್ದೀನಿ ಅನ್ನೋದನ್ನು ಮರೆತರು. ಪಾತ್ರೆ ಕರಕಲಾದ ವಾಸನೆಗೆ ಪಕ್ಕದ ಮನೆಯವರು ಓಡಿ ಬಂದರು. ಅವತ್ತಿಂದ ಹೊರಗೆ ಹೋಗುವಾಗ ರೆಗ್ಯುಲೇಟರ್ ಆಫ್.

ಮೊಳ_ಮಲ್ಲಿಗೆ:
ಅಯ್ಯೋ, ಒಲೆ ತಲೆಗೇ ಹೊಳೆದಿರಲಿಲ್ಲ. ಈಗಷ್ಟೇ ಆಫ್ ಮಾಡಿ ಬಂದೆ. ಇದನ್ನೆಲ್ಲ ಚಿಕ್ಕಪ್ಪನಿಗೆ ಕಳಿಸಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.