ಮೊಬೈಲ್ ಸ್ಟಾರ್ಟರ್ ಫೋನ್ ಎತ್ತುತ್ತಿಲ್ಲ

ಬ್ಯಾಡಗಿ ರೈತ: ಹೊಲ ಊರಿಂದ 3 ಕಿ.ಮೀ. ತ್ರೀ ಫೇಸ್ ಕರೆಂಟ್ ಬರೋದು ರಾತ್ರಿ. ಮೆಣಸಿನಗಿಡಕ್ಕೆ ನೀರು ಬಿಡಲು ಬ್ಯಾಟರಿ ಹಿಡಿದು ಓಡಾಡಿ ಸಾಕಾಗಿ ಮೊಬೈಲ್ ಸ್ಟಾರ್ಟರ್ (ಒಳಗೆ ಸಿಮ್ ಇರೋ ಪೆಟ್ಟಿಗೆ, ಫೋನ್ ಮಾಡಿದರೆ ಪಂಪು ಶುರು ಮಾಡುತ್ತೆ) ಹಾಕಿಸಿದೆ. ಹೋದ ವಾರ ಸಿಮ್ ಬದಲಿಸಿದೆ. ಈಗ ಯಾವಾಗ ಮಾಡಿದರೂ 'ಸ್ವಿಚ್ ಆಫ್' ಅನ್ನುತ್ತಾಳೆ ಆಕೆ. ಪೆಟ್ಟಿಗೆ ಕೆಟ್ಟಿತಾ?

ಹುಬ್ಬಳ್ಳಿ ಮೋಟಾರ್ ರಿಪೇರಿ: ಇಲ್ಲ ಅಣ್ಣಾ. ಹೊಸ ಸಿಮ್ ಬರೀ 4ಜಿದು ಅಲ್ವಾ? ಒಳಗಿನ ಮಾಡ್ಯೂಲ್ (ಸಿಗ್ನಲ್ ಹಿಡಿಯೋ ಭಾಗ) 2ಜಿ ಇದ್ದರೆ ಸಿಗ್ನಲ್ಲೇ ಸಿಗಲ್ಲ. ಹಳೇ ಸಿಮ್ ಹಾಕಿ ನೋಡಿ. ಡ್ರೈ ರನ್ (ನೀರಿಲ್ಲದೆ ಮೋಟಾರ್ ಓಡೋದು) ತಡೆಯೋ ಸೆಟ್ಟಿಂಗೂ ನೋಡಿ. ಬೋರಿನಲ್ಲಿ ನೀರು ಇಳಿದರೆ ಮೋಟಾರ್ ಎಳೆಯುವ ಆಂಪಿಯರ್ ಕಮ್ಮಿಯಾಗುತ್ತೆ, ಅದನ್ನು ನೋಡಿಯೇ ಸ್ಟಾರ್ಟರ್ ಮೋಟಾರನ್ನ ಬಂದ್ ಮಾಡೋದು.

ಗದಗದಿಂದ: ಸ್ಟಾರ್ಟರಿನಲ್ಲಿ ನಿಮ್ಮ ನಂಬರ್ ಮಾತ್ರ ಸೇರಿಸಿಡಿ. ನಾನು ಸುಮ್ನೆ ಬಿಟ್ಟಿದ್ದೆ. ಯಾರೋ 'ಸಾಲ ಬೇಕಾ' ಅಂತ ಆ ನಂಬರಿಗೆ ಫೋನ್ ಮಾಡಿದರು, ಪಂಪು ಶುರುವಾಗಿ ಬದುವೆಲ್ಲ ಕೆಸರು!

ಬ್ಯಾಡಗಿ ರೈತ: ಸಿಮ್‌ದೇ ಕಥೆ. ಹಳೇದು ಹಾಕಿದೆ, ಒಂದೇ ರಿಂಗಿಗೆ ಎತ್ತಿತು.