ಪದಚರ್ಚೆ: ‘ಪ್ಲಾಟ್’ ಮಾಡುವುದಕ್ಕೆ ಗುರುತಿಸು, ಎಳೆ, ಮೂಡಿಸು – ಇವುಗಳಲ್ಲಿ ಯಾವುದು?

ಮಾನ್ಯರೇ,

ಪ್ರೌಢಶಾಲೆಯ ಗಣಿತ ಶಿಕ್ಷಕರಿಗಾಗಿ ಕನ್ನಡದಲ್ಲಿ ಒಂದು ಕಿರುಕೈಪಿಡಿಯನ್ನು ಬರೆಯುತ್ತಿದ್ದೇನೆ. ಅದರ ಮೂರನೆಯ ಪುಟದಲ್ಲಿಯೇ ಸರಿಯಾದ ಕ್ರಿಯಾಪದವೊಂದು ಸಿಗದೆ ನಿಂತಿದ್ದೇನೆ. ಪ್ರಶ್ನೆಪತ್ರಿಕೆ, ಅಭ್ಯಾಸದ ಹಾಳೆ ಮೊದಲಾದವನ್ನು ಲೇಟೆಕ್ ಎಂಬ ಅಚ್ಚುಜೋಡಣೆಯ ತಂತ್ರಾಂಶದಲ್ಲಿ ಸಿದ್ಧಪಡಿಸುವ ಶಿಕ್ಷಕರು, ಅವುಗಳಿಗೆ ಬೇಕಾದ ಗ್ರಾಫ್‌ಗಳನ್ನು ಬೇರೊಂದು ತಂತ್ರಾಂಶದಲ್ಲಿ ಮಾಡಿ ಚಿತ್ರವಾಗಿ ತಂದು ಅಂಟಿಸುವ ಬದಲು, ಅದೇ ಕಡತದಲ್ಲಿ ನಾಲ್ಕು ಸಾಲು ಕೋಡ್ ಬರೆದು ಪಡೆಯುವುದು ಹೇಗೆ ಎಂಬುದು ಕೈಪಿಡಿಯ ವಿಷಯ. ಲೇಟೆಕ್‌ನೊಳಗೆ ಕೋಡ್ ಬರೆದು ಚಿತ್ರಗಳನ್ನು ಪಡೆಯುವುದಕ್ಕಾಗಿ ಟಿಲ್ ಟಾಂಟೌ ಅವರು ರೂಪಿಸಿದ ಟಿಕ್‌ಝಡ್ ಮತ್ತು ಅದನ್ನು ಆಧರಿಸಿ ಗ್ರಾಫ್‌ಗಳಿಗಾಗಿಯೇ ಕ್ರಿಸ್ಟಿಯನ್ ಫಾಯರ್‌ಸೆಂಗರ್ ಅವರು ಕಟ್ಟಿದ ಪಿಜಿಎಫ್‌ಪ್ಲಾಟ್ಸ್, ಇವೆರಡನ್ನು ಮಾತ್ರ ಅದರಲ್ಲಿ ತೆಗೆದುಕೊಂಡಿದ್ದೇನೆ. ಎರಡನೆಯದರ ಮುಖ್ಯ ಆಜ್ಞೆಯ ಹೆಸರು ‘ಆಡ್‌ಪ್ಲಾಟ್’. ಈ ‘ಪ್ಲಾಟ್’ ಎಂಬುದನ್ನು ಕನ್ನಡದಲ್ಲಿ ಏನೆಂದು ಹೇಳಬೇಕು ಎಂಬುದೇ ನನ್ನ ಪ್ರಶ್ನೆ.

‘ಗ್ರಾಫ್’ ಎಂಬ ಹೆಸರುಪದದ ಮಟ್ಟಿಗೆ ನಮಗೆ ತೊಂದರೆಯಿಲ್ಲ. ಅಲ್ಲಿ ಕನ್ನಡದ ಪಾಡು ಇಂಗ್ಲಿಷಿನದಕ್ಕಿಂತ ಚೆನ್ನಾಗಿಯೇ ಇದೆ. ‘ನಕ್ಷಾ ವಿಧಾನ’, ‘ನಕ್ಷೆಯ ಮೂಲಕ ಬಿಡಿಸಿ’ ಎಂಬ ಮಾತುಗಳು ಹತ್ತನೆಯ ತರಗತಿಯನ್ನು ಕನ್ನಡ ಮಾಧ್ಯಮದಲ್ಲಿ ಓದಿದ ಎಲ್ಲರಿಗೂ ಗೊತ್ತು. ಅರಬ್ಬಿಯ ‘ನಕ್ಶ್’ ಎಂಬ ಮೂಲದಿಂದ ಹೊರಟು, ಪಾರಸಿಯನ್ನು ಹಾದು, ಗ್ರಾಮನಕ್ಷೆ, ಮನೆಯ ನಕ್ಷೆ, ನೀಲನಕ್ಷೆ ಎಂದು ನಮ್ಮ ದಿನದ ಬಳಕೆಯಲ್ಲಿ ನೆಲೆನಿಂತಿರುವ ಈ ಪದಕ್ಕೆ ಮೂಲದಲ್ಲಿ ಕೆತ್ತನೆ, ಚಿತ್ತಾರ ಎಂಬ ಅರ್ಥವಿತ್ತು. ಭೂಪಟಕ್ಕೂ ಗಣಿತದ ಗ್ರಾಫ್‌ಗೂ ಒಂದೇ ಪದವಾದರೆ ಗೊಂದಲವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಎರಡರಲ್ಲಿಯೂ ಅಳತೆಗೆ ತಕ್ಕ ಪ್ರಮಾಣವೊಂದನ್ನು ಮೊದಲು ನಿಶ್ಚಯಿಸಿಕೊಂಡು, ಪ್ರತಿಯೊಂದು ಸ್ಥಾನವನ್ನೂ ಆ ಪ್ರಮಾಣಕ್ಕೆ ಇಳಿಸಿ ಹಾಳೆಯ ಮೇಲೆ ತೋರಿಸುತ್ತೇವೆ.

ನಿಜವಾದ ಗೊಂದಲವಿರುವುದು ಇಂಗ್ಲಿಷಿನಲ್ಲಿ. ಬಿಂದುಗಳನ್ನೂ ಅವುಗಳ ನಡುವಿನ ಕೊಂಡಿಗಳನ್ನೂ ಒಳಗೊಂಡ ಆಕೃತಿಗೂ ಅಲ್ಲಿ ‘ಗ್ರಾಫ್’ ಎಂಬುದೇ ಹೆಸರು. ಗಣಿತಜ್ಞ ಸಿಲ್ವೆಸ್ಟರ್ 1878ರಲ್ಲಿ ಆ ಅರ್ಥದಲ್ಲಿ ಅದನ್ನು ಬಳಸಿದರು. ನಮ್ಮ ರಾಜ್ಯದ ಹಿಂದಿನ ಹತ್ತನೆಯ ತರಗತಿಯ ಗಣಿತದಲ್ಲಿ ಇದಕ್ಕೆ ‘ಜಾಲಾಕೃತಿ’ ಎಂಬ ಸೊಗಸಾದ ಪದವಿತ್ತು. ಸಂಪಾತಬಿಂದುಗಳ (ಕೊಂಡಿಗಳು ಕೂಡುವ ಬಿಂದುಗಳ) ಮತ್ತು ವಲಯಗಳ ಮೊತ್ತವು ಕಂಸಗಳ (ಕೊಂಡಿಗಳ) ಸಂಖ್ಯೆಗಿಂತ ಎರಡು ಹೆಚ್ಚು ಎಂಬ ಆಯ್ಲರನ ಸೂತ್ರವನ್ನು ಆ ಪದದೊಡನೆಯೇ ಕಲಿತವರು ಇಲ್ಲಿಯೂ ಹಲವರು ಇರಬಹುದು. ಈ ಭೇದ ಟಿಕ್‌ಝಡ್ ಕಲಿಯುವವರಿಗೆ ಕೂಡಲೇ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ‘ಗ್ರಾಫ್ಸ್’ ಎಂಬ ಹೆಸರಿನ ಒಂದು ಲೈಬ್ರರಿ (ಸಿದ್ಧ ಆಜ್ಞೆಗಳ ಕಂತೆ) ಇದ್ದು, ಹೆಸರನ್ನು ನಂಬಿ ಅದನ್ನು ತೆರೆದ ಶಿಕ್ಷಕರೊಬ್ಬರು, ಪರವಲಯಕ್ಕಾಗಿ ಅರ್ಧ ದಿನ ಅದರಲ್ಲಿ ಹುಡುಕಾಡಿ, ಬಾಣಗಳಿಂದ ಕೂಡಿದ ವೃತ್ತಗಳನ್ನಷ್ಟೇ ಕಂಡು ಬಂದಿದ್ದರು. ಅದು ಜಾಲಾಕೃತಿಗಳ ಲೈಬ್ರರಿ, ನಕ್ಷೆಗಳದ್ದಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿದೆ, ಅವರಿಗೆ ತಿಳಿಯಿತು. ಹೀಗಾಗಿ ಕೈಪಿಡಿಯಲ್ಲಿ ‘ನಕ್ಷೆ’ ಎಂದೇ ಉಳಿಸಿಕೊಂಡಿದ್ದೇನೆ. ಮಾತಿನಲ್ಲಿ ಮಕ್ಕಳು ‘ಗ್ರಾಫ್ ಹಾಕಿದೆ’ ಎನ್ನುವುದು ಹಾಗೆಯೇ ಇರಲಿ.

ತೊಡಕು ಶುರುವಾಗುವುದು ಕ್ರಿಯಾಪದದಲ್ಲಿ. ಪುಸ್ತಕಗಳ ಕನ್ನಡದಲ್ಲಿ ‘ಬಿಂದುಗಳನ್ನು ಗುರುತಿಸಿ’, ‘ಸೇರಿಸಿ’, ‘ನಕ್ಷೆ ಎಳೆಯಿರಿ’, ‘ನಕ್ಷೆ ರಚಿಸಿ’ ಎಂಬ ಮಾತುಗಳಿವೆ. ಕೈಯಿಂದ ನಕ್ಷಾಹಾಳೆಯ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗೆ ಇಷ್ಟು ಸಾಕು, ಏಕೆಂದರೆ ಆ ಕೆಲಸಗಳನ್ನು ಒಂದಾದ ಮೇಲೊಂದರಂತೆ ಅವನೇ ಮಾಡುತ್ತಾನೆ. ಕೋಡ್‌ನಲ್ಲಿ ಆ ಎಲ್ಲ ಕೆಲಸಗಳೂ ಒಂದೇ ಆಜ್ಞೆಯೊಳಗೆ ಅಡಗಿರುತ್ತವೆ. ಬೇರಾವ ಆಯ್ಕೆಯನ್ನೂ ಕೊಡದೆ ‘ಆಡ್‌ಪ್ಲಾಟ್’ ಎಂದು ಬರೆದು, ಅದರ ಮುಂದೆ ಎಕ್ಸ್‌ನ ವರ್ಗವನ್ನು ಕೊಟ್ಟು ನೋಡಿ. ಪಿಜಿಎಫ್‌ಪ್ಲಾಟ್ಸ್ ತಾನಾಗಿಯೇ ಋಣ 5ರಿಂದ ಧನ 5ರವರೆಗಿನ ವ್ಯಾಪ್ತಿಯನ್ನು ಆರಿಸಿಕೊಂಡು, ಅದರಲ್ಲಿ ಸಮಾನ ಅಂತರದ 25 ಬೆಲೆಗಳನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ವರ್ಗವನ್ನು ಲೆಕ್ಕಹಾಕಿ, ಸಿಕ್ಕ 25 ಬಿಂದುಗಳನ್ನು ನೇರಗೆರೆಗಳಿಂದ ಜೋಡಿಸುತ್ತದೆ. ಮೂಡಿಬರುವ ನೀಲಿ ಗೆರೆಯ ಮೇಲೆ 25 ನೀಲಿ ಚುಕ್ಕೆಗಳು ಎದ್ದುಕಾಣುತ್ತವೆ: ತಳದಲ್ಲಿ ಒಂದು, ಆಚೆ ಈಚೆ ಹನ್ನೆರಡು ಹನ್ನೆರಡು. ಮೊದಲ ಸಲ ಇದನ್ನು ನೋಡಿದ ಹಿರಿಯ ಶಿಕ್ಷಕಿಯೊಬ್ಬರು ಪರದೆಯ ಮೇಲೆ ಬೆರಳಿಟ್ಟು, “ನಾನು ಸಮೀಕರಣ ಮಾತ್ರ ಕೊಟ್ಟಿದ್ದು, ಈ ಚುಕ್ಕೆ ಇಟ್ಟವರು ಯಾರು?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಪರಿಭಾಷೆ ನಮಗೆ ಬೇಕು.

ಇದು ಬರಿಯ ಪದದ ಚಪಲವಲ್ಲ ಎಂಬುದಕ್ಕೆ ಎರಡು ಉದಾಹರಣೆಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1 ಭಾಗಿಸು ಎಕ್ಸ್ ಎಂಬ ಫಲನವನ್ನು ಅದೇ ಋಣ 5ರಿಂದ ಧನ 5ರ ವ್ಯಾಪ್ತಿಯಲ್ಲಿ 20 ಬಿಂದುಗಳೊಡನೆ ಕೊಟ್ಟರೆ, ಸೊನ್ನೆಯ ಎಡಬಲಗಳಲ್ಲಿ ಅದಕ್ಕೆ ಅತ್ಯಂತ ಸಮೀಪದ ಎರಡು ಬಿಂದುಗಳು ಸುಮಾರು ಋಣ 0.26 ಮತ್ತು ಧನ 0.26ರಲ್ಲಿ ಬೀಳುತ್ತವೆ, ಅಲ್ಲಿ ಫಲನದ ಬೆಲೆಗಳು ಋಣ 3.8 ಮತ್ತು ಧನ 3.8. ಎರಡೂ ಬಿಂದುಗಳು ಸರಿಯಾಗಿಯೇ ಇವೆ. ಆದರೆ ಆಜ್ಞೆಯು ಅವೆರಡನ್ನೂ ಜೋಡಿಸಿಬಿಡುವುದರಿಂದ, ಮೂಲಬಿಂದುವಿನ ಮೂಲಕವೇ ಹಾದುಹೋಗುವ ಒಂದು ಕಡಿದಾದ ಗೆರೆ ನಕ್ಷೆಯಲ್ಲಿ ಕಾಣಿಸಿಕೊಳ್ಳುತ್ತದೆ. ಸೊನ್ನೆಯಲ್ಲಿ ಬೆಲೆಯೇ ಇಲ್ಲದ ಫಲನಕ್ಕೆ ಅಲ್ಲಿ ಸೊನ್ನೆ ಎಂಬ ಬೆಲೆಯಿದೆ ಎಂದು ಆ ನಕ್ಷೆ ಸಾರುತ್ತದೆ! ಬೆಲೆಯಿಲ್ಲದ ಕಡೆ ಗೆರೆಯನ್ನು ಮುರಿಯುವುದಕ್ಕೆ ‘ಜಂಪ್’ ಎಂಬ ಆಯ್ಕೆಯಿದೆ, ನಿಜ. ಆದರೆ ಆರಿಸಿದ ಬಿಂದುಗಳಲ್ಲೊಂದು ಸರಿಯಾಗಿ ಆ ಜಾಗದಲ್ಲಿಯೇ ಬಿದ್ದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಸೊನ್ನೆಯ ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ಆಜ್ಞೆಗಳನ್ನು ಕೊಡುವುದೇ ನಂಬಬಹುದಾದ ದಾರಿ. ಇಲ್ಲಿ ತಪ್ಪು ಇದ್ದದ್ದು ಜೋಡಿಸುವುದರಲ್ಲಿ.

ಎರಡನೆಯದರಲ್ಲಿ ತಪ್ಪು ಬೇರೆ ಕಡೆಯಿದೆ. ಪಿಜಿಎಫ್‌ಪ್ಲಾಟ್ಸ್‌ನ ಸೈನ್ ತಾನಾಗಿ ಡಿಗ್ರಿಗಳಲ್ಲಿ ಲೆಕ್ಕ ಮಾಡುತ್ತದೆ. ಸೊನ್ನೆಯಿಂದ 8640 ಡಿಗ್ರಿಗಳವರೆಗೆ, ಎಂದರೆ 24 ಪೂರ್ಣ ಅಲೆಗಳಷ್ಟು ದೂರ, ಸೈನ್ ಎಕ್ಸ್‌ನ ನಕ್ಷೆಯನ್ನು ಕೇಳಿ, ಬಿಂದುಗಳ ಸಂಖ್ಯೆಯನ್ನು 25 ಎಂದೇ ಬಿಟ್ಟರೆ, ಎರಡು ಬಿಂದುಗಳ ನಡುವಿನ ಅಂತರ ಸರಿಯಾಗಿ 360 ಡಿಗ್ರಿ ಆಗುತ್ತದೆ; ಪ್ರತಿಯೊಂದು ಬಿಂದುವಿನಲ್ಲಿಯೂ ಬೆಲೆ ಸೊನ್ನೆ. ಅಲೆಗಳಿರಬೇಕಾದ ಕಡೆ ಎಕ್ಸ್ ಅಕ್ಷಕ್ಕೆ ಅಂಟಿದ ಒಂದು ನೇರಗೆರೆ ಬರುತ್ತದೆ. ಲೆಕ್ಕ ತಪ್ಪಿಲ್ಲ, ಬಿಂದುಗಳ ಸ್ಥಾನ ತಪ್ಪಿಲ್ಲ, ಜೋಡಣೆಯೂ ಹೇಳಿದ ಹಾಗೆಯೇ ನಡೆದಿದೆ. ಬಿಂದುಗಳನ್ನು ಆರಿಸಿದ್ದು ಮಾತ್ರ ತಪ್ಪು. ಹಾಗೆಯೇ, ವ್ಯಾಪ್ತಿಯನ್ನು ಹೇಳದೆ ಸೈನ್ ಎಕ್ಸ್ ಎಂದಷ್ಟೇ ಬರೆದವರಿಗೆ ಋಣ 5 ಡಿಗ್ರಿಯಿಂದ ಧನ 5 ಡಿಗ್ರಿಯವರೆಗಿನ ತುಣುಕು ಸಿಕ್ಕಿ, ಅದು ಕಣ್ಣಿಗೆ ನೇರಗೆರೆಯಂತೆಯೇ ಕಾಣುತ್ತದೆ. ವೈ ಅಕ್ಷದ ಅಂಕಿಗಳನ್ನು ಓದಿದರೆ ಗೆರೆಯ ತುದಿ 0.087ರ ಹತ್ತಿರ ನಿಂತಿರುವುದು ತಿಳಿಯುತ್ತದೆ.

ಆರಿಸು, ಲೆಕ್ಕಹಾಕು, ಇಡು, ಜೋಡಿಸು – ಈ ನಾಲ್ಕು ಕೆಲಸಗಳಿಗೆ ನಾಲ್ಕು ಪದಗಳಿದ್ದರೆ, ಯಾವ ತಪ್ಪು ಎಲ್ಲಿ ಹುಟ್ಟಿತು ಎಂದು ಶಿಕ್ಷಕರು ತಾವೇ ಹೇಳಬಲ್ಲರು. ಹೀಗಿರುವಾಗ ಇಡೀ ಆಜ್ಞೆಗೆ ‘ಗುರುತಿಸು’ ಎಂದೋ ‘ಎಳೆ’ ಎಂದೋ ಹೇಳಿದರೆ, ಒಂದು ಭಾಗದ ಹೆಸರನ್ನು ಇಡಿಯದಕ್ಕೆ ಕೊಟ್ಟಂತಾಗುತ್ತದೆ.

‘ಗುರುತಿಸು’ ಎಂಬುದರಲ್ಲಿ ಇನ್ನೂ ಎರಡು ಇಕ್ಕಟ್ಟುಗಳಿವೆ. ‘ನಕ್ಷೆಯಲ್ಲಿ ಬಿಂದುವನ್ನು ಗುರುತಿಸಿ’ ಎಂದರೆ ಈಗಾಗಲೇ ಇರುವ ಬಿಂದುವನ್ನು ಪತ್ತೆಹಚ್ಚುವುದೂ ಆದೀತು, ಹೊಸದಾಗಿ ಇಡುವುದೂ ಆದೀತು. ಅಲ್ಲದೆ ಪಿಜಿಎಫ್‌ಪ್ಲಾಟ್ಸ್‌ನಲ್ಲಿ ಬಿಂದು ಬೇರೆ, ಅದರ ಮೇಲಿನ ಗುರುತು ಬೇರೆ. ಬಿಂದುವೆಂದರೆ ನಿರ್ದೇಶಾಂಕಗಳ ಒಂದು ಜೋಡಿ. ಗುರುತೆಂದರೆ ಅಲ್ಲಿ ಮುದ್ರಣವಾಗುವ ಚುಕ್ಕೆ, ಚೌಕ ಅಥವಾ ನಕ್ಷತ್ರ. ‘ಮಾರ್ಕ್ ನನ್’ ಎಂಬ ಆಯ್ಕೆ ಕೊಟ್ಟಾಗ ಬಿಂದುಗಳು ಇದ್ದಲ್ಲೇ ಇರುತ್ತವೆ, ಗುರುತುಗಳು ಮಾತ್ರ ಮಾಯವಾಗುತ್ತವೆ. ಆಗಲೂ ‘ಬಿಂದುಗಳನ್ನು ಗುರುತಿಸಲಾಗಿದೆ’ ಎನ್ನುವುದಾದರೆ ಓದುವವರು ಗುರುತುಗಳನ್ನು ಹುಡುಕುತ್ತಾರೆ. ಆದ್ದರಿಂದ ಕೈಪಿಡಿಯಲ್ಲಿ ಬಿಂದುವನ್ನು ‘ಇಡುವುದು’ ಎಂದೇ ಬರೆದಿದ್ದೇನೆ. ಅಂಗಳದಲ್ಲಿ ಚುಕ್ಕೆಯಿಟ್ಟು ಎಳೆ ಎಳೆಯುವವರ ಮಾತು ಅದು. ಎಷ್ಟು ಸಾಲು, ಸಾಲಿಗೆ ಎಷ್ಟು ಚುಕ್ಕೆ ಎಂದು ಮೊದಲೇ ಎಣಿಸಿಕೊಂಡು ಕೂರುವ ನಮ್ಮ ಹೆಣ್ಣುಮಕ್ಕಳಿಗೆ ಚುಕ್ಕೆಯನ್ನು ಇಡುವುದೂ ಎಳೆಯನ್ನು ಎಳೆಯುವುದೂ ಬೇರೆಬೇರೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪುಸ್ತಕದ ‘ಸೇರಿಸು’ ಎಂಬುದನ್ನು ‘ಜೋಡಿಸು’ ಎಂದು ಬದಲಿಸಿದ್ದೇನೆ, ಏಕೆಂದರೆ ‘ಆಡ್’ ಎಂಬ ಭಾಗಕ್ಕೆ ‘ಸೇರಿಸು’ ಬೇಕಾಗುತ್ತದೆ.

ಇಡೀ ಆಜ್ಞೆಗೆ ಯಾವ ಪದ? ‘ಬಿಡಿಸು’ ಎಂಬುದನ್ನು ಕೆಲವರು ಸೂಚಿಸಿದರು. ಚಿತ್ರ ಬಿಡಿಸುವುದು ಎಲ್ಲರ ಬಾಯಲ್ಲೂ ಇರುವ ಮಾತೇ ಹೌದು. ಆದರೆ ಗಣಿತದಲ್ಲಿ ಸಮೀಕರಣವನ್ನು ಬಿಡಿಸುವುದೂ ಅದೇ ಪದದಿಂದ. ‘ಸಮೀಕರಣವನ್ನು ನಕ್ಷೆಯಲ್ಲಿ ಬಿಡಿಸಿ’ ಎಂದರೆ ಉತ್ತರ ಕಂಡುಹಿಡಿಯಬೇಕೋ ಗೆರೆ ಎಳೆದರೆ ಸಾಕೋ ತಿಳಿಯದು. ಇನ್ನೊಂದು ಕಾರಣವೂ ಇದೆ. ಟಿಕ್‌ಝಡ್ ಎಂಬ ಹೆಸರು ‘ಟಿಕ್‌ಝಡ್ ಚಿತ್ರ ಬಿಡಿಸುವ ತಂತ್ರಾಂಶವಲ್ಲ’ ಎಂಬ ಅರ್ಥದ ಜರ್ಮನ್ ವಾಕ್ಯವೊಂದರ ಮೊದಲಕ್ಷರಗಳಿಂದ ಆದದ್ದು. ಅದರಲ್ಲಿ ನಾವು ಕೈಯಾಡಿಸಿ ಬಿಡಿಸುವುದಿಲ್ಲ. ಹೇಗಿರಬೇಕೆಂದು ಬರೆದುಕೊಡುತ್ತೇವೆ, ಅದು ಪುಟದ ಮೇಲೆ ಮೂಡುತ್ತದೆ. ‘ಆಲೇಖಿಸು’ ಎಂಬುದು ಎರಡನೆಯ ಸೂಚನೆ. ‘ಸ್ತಂಭಾಲೇಖ’ ನಮ್ಮ ಪುಸ್ತಕಗಳಲ್ಲಿ ಇರುವುದರಿಂದ ಅದಕ್ಕೆ ಬುಡವೇನೋ ಇದೆ. ಆದರೆ ಹೇಳಿನೋಡಿದಾಗ ಕೇಳಿದವರಿಗೆಲ್ಲ ‘ಬರೆ’ ಎಂದೇ ಕೇಳಿಸಿತು.

ನನ್ನ ಒಲವು ‘ಮೂಡಿಸು’ ಎಂಬುದರ ಕಡೆಗಿದೆ. ಗೆರೆಯಾದರೂ, ಬಿಡಿ ಗುರುತುಗಳಾದರೂ, ಸ್ತಂಭಗಳಾದರೂ ಈ ಪದ ಒಗ್ಗುತ್ತದೆ. ‘ಎಳೆ’ ಎಂಬುದು ಮೊದಲನೆಯದಕ್ಕಷ್ಟೇ ಸಲ್ಲುತ್ತದೆ. ‘ಗುರುತುಗಳು ಮಾತ್ರ’ ಎಂಬ ಆಯ್ಕೆ ಕೊಟ್ಟು, ಮಕ್ಕಳ ಎತ್ತರ ಮತ್ತು ತೂಕಗಳ ಕೋಷ್ಟಕವನ್ನು ನಕ್ಷೆಗೆ ತಂದಾಗ ಎಳೆಯುವುದಕ್ಕೆ ಅಲ್ಲಿ ಗೆರೆಯೇ ಇರುವುದಿಲ್ಲ. ‘ಚಿತ್ರ ಮೂಡಿತು’, ‘ಅಚ್ಚು ಮೂಡಿತು’ ಎಂಬ ಬಳಕೆಗಳೂ ಅಚ್ಚುಮೊಳೆಯ ಲೋಕಕ್ಕೆ ಹತ್ತಿರದವು. ಇದಕ್ಕೆ ಸಹೋದ್ಯೋಗಿಯೊಬ್ಬರು ಎತ್ತಿದ ಆಕ್ಷೇಪವನ್ನೂ ಹೇಳಬೇಕು: ‘ಪ್ಲಾಟ್’ ಎಂಬುದರಲ್ಲಿ ಪ್ರತಿಯೊಂದನ್ನೂ ಅದರದರ ಸ್ಥಾನದಲ್ಲಿ ಇಡುವ ಕಟ್ಟುನಿಟ್ಟು ಇದೆ, ‘ಮೂಡಿಸು’ ಎಂಬುದರಲ್ಲಿ ಅದಿಲ್ಲ. ಆಕ್ಷೇಪ ಸರಿಯಾದದ್ದೇ. ‘ನಕ್ಷೆಯಲ್ಲಿ ಮೂಡಿಸು’ ಎಂದು ಯಾವಾಗಲೂ ಜೊತೆಯಾಗಿಯೇ ಬಳಸಿದರೆ, ಆ ಕಟ್ಟುನಿಟ್ಟನ್ನು ‘ನಕ್ಷೆ’ ಎಂಬ ಪದವೇ ತಂದುಕೊಡುತ್ತದೆ ಎಂಬುದು ಸದ್ಯಕ್ಕೆ ನನ್ನ ಸಮಾಧಾನ.

ನಾನು ಪೂರ್ತಿ ಸೋತಿರುವುದು ಹೆಸರುಪದದಲ್ಲಿ. ಒಂದೇ ಜೋಡಿ ಅಕ್ಷಗಳ ಮೇಲೆ ಮೂರು ಬಾರಿ ‘ಆಡ್‌ಪ್ಲಾಟ್’ ಎಂದರೆ ಮೂರು ಪ್ಲಾಟ್‌ಗಳಾಗುತ್ತವೆ, ನಕ್ಷೆ ಮಾತ್ರ ಒಂದೇ. ಆ ಮೂರರಲ್ಲಿ ಒಂದೊಂದನ್ನು ಏನೆಂದು ಕರೆಯುವುದು? ‘ರೇಖೆ’ ಎನ್ನಲು ಬಿಡಿ ಗುರುತುಗಳು ಅಡ್ಡಬರುತ್ತವೆ. ‘ವಕ್ರರೇಖೆ’ಗೂ ಅದೇ ತೊಡಕು. ‘ಮೂಡಿಕೆ’ ಎಂದು ಕಟ್ಟಿ ನೋಡಿದೆ. ಹೂಡು–ಹೂಡಿಕೆ ಇರುವಂತೆ ವ್ಯಾಕರಣಕ್ಕೇನೋ ಒಪ್ಪುತ್ತದೆ, ಆದರೆ ಕರಡನ್ನು ಓದಿದ ಇಬ್ಬರು ಅದನ್ನು ‘ಹೂಡಿಕೆ’ಯ ಅಚ್ಚುತಪ್ಪೆಂದು ತಿಳಿದು ತಿದ್ದಿ ಕಳುಹಿಸಿದರು. ನಿವೇಶನ, ಕಥಾಹಂದರ ಎಂಬ ಅರ್ಥಗಳು ‘ಪ್ಲಾಟ್’ಗೆ ಈಗಾಗಲೇ ನಮ್ಮಲ್ಲಿ ಅಂಟಿಕೊಂಡಿರುವುದರಿಂದ, ಅದನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಳ್ಳಲೂ ಮನಸ್ಸಾಗುವುದಿಲ್ಲ.

ಜೊತೆಗೆ ಒಂದು ಚಿಕ್ಕ ಕೇಳಿಕೆ. ‘ಸ್ಯಾಂಪಲ್ಸ್’ ಎಂಬ ಆಯ್ಕೆಯನ್ನು ‘ಮಾದರಿಗಳು’ ಎಂದಾಗ ಶಿಕ್ಷಕರಿಗೆ ಮಾದರಿ ಪ್ರಶ್ನೆಪತ್ರಿಕೆಯೇ ನೆನಪಾಗುವುದರಿಂದ ನಾನು ‘ಬಿಂದುಸಂಖ್ಯೆ’ ಎಂದು ಬರೆದಿದ್ದೇನೆ. ‘ಡೊಮೈನ್’ ಎಂಬುದಕ್ಕೆ ‘ವ್ಯಾಪ್ತಿ’ ಎಂದಿರುವುದು ನನಗೇ ಒಪ್ಪಿಗೆಯಾಗಿಲ್ಲ. ಸಂಖ್ಯಾಶಾಸ್ತ್ರದ ಪಾಠದಲ್ಲಿ ಗರಿಷ್ಠ, ಕನಿಷ್ಠ ಬೆಲೆಗಳ ವ್ಯತ್ಯಾಸಕ್ಕೆ ಆ ಪದ ಆಗಲೇ ಸಂದಿದೆ. ‘ಎಕ್ಸ್‌ನ ಹರವು’ ಎಂದರೆ ಹೇಗೆ?

ಕೈಪಿಡಿಯ ಮೂರನೆಯ ಪುಟದಲ್ಲಿ ಈಗ ಇರುವ ವಾಕ್ಯ ಹೀಗಿದೆ: “ಪ್ರತಿಯೊಂದು ಆಡ್‌ಪ್ಲಾಟ್ ಆಜ್ಞೆಯೂ ಕೊಟ್ಟ ಫಲನವನ್ನು ನಕ್ಷೆಯಲ್ಲಿ ಮೂಡಿಸಿ, ಅಲ್ಲಿ ಹಿಂದೆಯೇ ಇರುವ ……ಗಳ ಜೊತೆಗೆ ಹೊಸದೊಂದು ……ಯನ್ನು ಸೇರಿಸುತ್ತದೆ.” ಬಿಟ್ಟಿರುವ ಎರಡೂ ಜಾಗಗಳಿಗೆ ಒಂದೇ ಪದ ಬೇಕು. ಗೆರೆಯಿಲ್ಲದ ಬಿಡಿ ಗುರುತುಗಳಿಗೂ ಅದು ಒಪ್ಪುವಂತಿರಬೇಕು ಮತ್ತು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಎಡವದೆ ಓದುವಂತಿರಬೇಕು.