ಅಧಿಕಾರ ದೇವರಿಂದ ಅಂದ ಮೇಲೆ ಆಳುವವರನ್ನು ಪ್ರಶ್ನಿಸಬಾರದಾ? ನಿಮ್ಮ ಅನುಭವ ಹೇಳಿ

ಸಿಂಧನೂರು ತಾಲೂಕಿನಿಂದ, ಪ್ರಶ್ನೆ ಕೇಳಿದವಳು

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಅಪ್ಪಾಜಿ ನಮ್ಮ ಕ್ರೈಸ್ತ ಸಭೆಯ ಹಿರಿಯರಲ್ಲಿ ಒಬ್ಬರು. ಕಾಲುವೆಯ ಕೊನೇ ಭಾಗದ ಹೊಲಗಳಿಗೆ ನೀರು ಮುಟ್ಟುತ್ತಿಲ್ಲ, ಇದರಲ್ಲಿ ಆಳುವವರ ತಪ್ಪು ಇದೆ ಅಂತ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಮುಂದಿನ ಭಾನುವಾರ ಪಾಸ್ಟರ್ ಪ್ರಸಂಗಕ್ಕೆ ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೆಗೆದರು. ಅಧಿಕಾರವೆಲ್ಲ ದೇವರಿಂದ ಬಂದದ್ದು, ಅದನ್ನು ಎದುರಿಸುವವರು ದೇವರ ನೇಮಕವನ್ನೇ ಎದುರಿಸುತ್ತಾರೆ ಅಂತ ಓದಿ ನನ್ನ ಕಡೆ ನೋಡಿದರು. ಮನೆಗೆ ಬಂದ ಮೇಲೆ ಅಪ್ಪಾಜಿ ಊಟ ಮಾಡಲಿಲ್ಲ.

ದೇವರ ಮೇಲಿನ ನಂಬಿಕೆ ಬಿಡೋಕೆ ನನಗೆ ಇಷ್ಟ ಇಲ್ಲ. ರಾಜಕೀಯದ ಬಗ್ಗೆ ಸ್ವಂತ ಅಭಿಪ್ರಾಯ ಇದೆ, ಅದನ್ನು ನುಂಗಿಕೊಳ್ಳೋಕೂ ಆಗ್ತಿಲ್ಲ. ನೀವು ಈ ಎರಡನ್ನೂ ಹೇಗೆ ಜೊತೆಗೆ ಇಟ್ಟುಕೊಂಡಿದ್ದೀರಿ?

ರಾಯಚೂರು, ನಿವೃತ್ತ ಶಿಕ್ಷಕಿ

ಮಗಳೇ, ನಿನ್ನ ಪ್ರಶ್ನೆ ಓದಿ ನಮ್ಮ ತಾತ ನೆನಪಾದರು. ನಮ್ಮದು ಮೆಥೊಡಿಸ್ಟ್ ಮನೆತನ. ತಾತ ಹಳ್ಳಿ ಹಳ್ಳಿ ತಿರುಗಿ ವಾಕ್ಯ ಹೇಳುತ್ತಿದ್ದವರು. ಆಗ ರಾಯಚೂರು ನಿಜಾಮರ ಕೈಯಲ್ಲಿತ್ತು. ಆರಾಧನೆಯಲ್ಲಿ ತಾತ 'ನಮ್ಮನ್ನಾಳುವ ನಿಜಾಮರಿಗೆ ಒಳ್ಳೆ ಬುದ್ಧಿ ಕೊಡು' ಅಂತ ಪ್ರಾರ್ಥಿಸುತ್ತಿದ್ದರಂತೆ. ಹೊಳೆ ಆಚೆ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಬ್ರಿಟಿಷರು ಇರೋತನಕ ಅಲ್ಲಿನ ಚರ್ಚುಗಳಲ್ಲಿ ಇಂಗ್ಲೆಂಡಿನ ರಾಜನಿಗಾಗಿ ಪ್ರಾರ್ಥನೆ. ಬೈಬಲ್ ಒಂದೇ, ಹೊಳೆಯ ಆಚೆ ಒಬ್ಬ ಅರಸ, ಈಚೆ ಇನ್ನೊಬ್ಬ.

1948ರ ಸೆಪ್ಟೆಂಬರ್ 17, ಶುಕ್ರವಾರ, ನಿಜಾಮರು ಶರಣಾದರು. ಆ ಭಾನುವಾರ ತಾತ ಪ್ರಾರ್ಥನೆಗೆ ನಿಂತರು. ಯಾರ ಹೆಸರು ಹೇಳೋದು ಅಂತ ತಿಳಿಯದೆ ಒಂದು ಗಳಿಗೆ ಸುಮ್ಮನಾದರಂತೆ. ಆಮೇಲೆ 'ನಮ್ಮನ್ನು ಯಾರು ಆಳಿದರೂ ಅವರ ಮೇಲೆ ನೀನಿದ್ದೀ' ಅಂದು ಮುಂದುವರಿಸಿದರು. ಅಜ್ಜಿ ಇದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ.

ನನ್ನ ಮಟ್ಟಿಗೆ 13ನೇ ಅಧ್ಯಾಯದ ಅರ್ಥ ತಾತನ ಆ ಮಾತಿನಲ್ಲಿದೆ. ಅಧಿಕಾರ ದೇವರಿಂದ ಬಂದದ್ದು, ಸರಿ. ಆ ಕುರ್ಚಿಯಲ್ಲಿ ಕೂತವರು ಮಾಡಿದ್ದೆಲ್ಲ ದೇವರ ಇಷ್ಟ ಅಂತ ಪೌಲ ಎಲ್ಲಿ ಹೇಳಿದ್ದಾನೆ? 4ನೇ ವಚನ ನಿಧಾನವಾಗಿ ಓದು. ಆಳುವವನನ್ನು ಅಲ್ಲಿ ದೇವರ ಸೇವಕ ಅಂತ ಕರೆದಿದೆ, ಅದೂ ನಿನ್ನ ಒಳಿತಿಗಾಗಿ. ಸೇವಕ ಅಂದ ಮೇಲೆ ಅವನಿಗೊಬ್ಬ ಒಡೆಯ ಇರ್ತಾನೆ, ಲೆಕ್ಕ ಒಪ್ಪಿಸಬೇಕು. ಪೌಲ ಇದನ್ನು ಬರೆದಾಗ ರೋಮಿನಲ್ಲಿ ನೀರೋ ಚಕ್ರವರ್ತಿ ಆಳುತ್ತಿದ್ದ. ಅದೇ ನೀರೋನ ಕಾಲದಲ್ಲಿ ಪೌಲನನ್ನು ಕೊಂದರು ಅಂತ ಸಭೆಯ ಪರಂಪರೆ ಹೇಳುತ್ತದೆ. ಅಧೀನರಾಗಿರಿ ಅಂತ ಬರೆದವನೇ, ಕ್ರಿಸ್ತನನ್ನು ಸಾರಬೇಡ ಅಂದಾಗ ಬಾಯಿ ಮುಚ್ಚಲಿಲ್ಲ. ಯೇಸುವಿನ ಶಿಷ್ಯ ಪೇತ್ರನೂ ಅಷ್ಟೇ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ ನ್ಯಾಯಸಭೆಯ ಎದುರಲ್ಲೇ ಹೇಳಿದ. ಅಪೊಸ್ತಲರ ಕೃತ್ಯಗಳು 5:29, ಅಪ್ಪಾಜಿಗೆ ಓದಿ ಹೇಳು.

ಈ ಅಧ್ಯಾಯ ತೋರಿಸಿ ಜನರ ಬಾಯಿ ಕಟ್ಟಿದ್ದು ನಿಮ್ಮ ಊರಲ್ಲೇ ಮೊದಲಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರವನ್ನು ಸಮರ್ಥಿಸೋಕೆ ಇದೇ ವಚನ ಹೇಳುತ್ತಿದ್ದರು. 1985ರಲ್ಲಿ ಅಲ್ಲಿನ ಕ್ರೈಸ್ತರೇ ಕೈರೋಸ್ ಅನ್ನೋ ಹೇಳಿಕೆ ಬರೆದು, ಇದು ವಾಕ್ಯದ ದುರುಪಯೋಗ ಅಂದರು. ಹಿಟ್ಲರನ ಜರ್ಮನಿಯಲ್ಲಿ 1934ರಲ್ಲಿ ಬಾರ್ಮೆನ್ ಅನ್ನೋ ಊರಲ್ಲಿ ಸೇರಿದ ಸಭೆಗಳು, ನಮಗೆ ಕ್ರಿಸ್ತನೊಬ್ಬನೇ ಒಡೆಯ ಅಂತ ಬರೆದುಕೊಟ್ಟವು.

ಆದರೆ ಮಗಳೇ, ಇನ್ನೊಂದು ಕಡೆಯೂ ಇದೆ, ನಾನೇ ಅದರಲ್ಲಿ ಎಡವಿದ್ದೇನೆ. ಹಿಂದೆ ಒಂದು ಚುನಾವಣೆಯಲ್ಲಿ ನನಗೆ ಒಂದು ಪಕ್ಷದ ಮೇಲೆ ತುಂಬಾ ನಂಬಿಕೆ ಇತ್ತು. ಹೆಂಗಸರ ಪ್ರಾರ್ಥನಾ ಕೂಟದಲ್ಲಿ, ನಿಜವಾದ ವಿಶ್ವಾಸಿಗಳು ಇವರಿಗೇ ವೋಟು ಹಾಕೋದು ಅಂದುಬಿಟ್ಟೆ. ಮುಂದಿನ ವಾರದಿಂದ ಒಬ್ಬ ಅಕ್ಕ ಬರಲಿಲ್ಲ. ಹುಡುಕಿಕೊಂಡು ಹೋದೆ. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ಬೆರಳಿನ ತುದಿ ಒಡೆದು ಮಡಿಲಿನ ಹತ್ತಿಗೆ ಅಲ್ಲಲ್ಲಿ ರಕ್ತದ ಕಲೆ. ನನ್ನ ಮುಖ ನೋಡದೆ ಕೇಳಿದಳು: 'ಟೀಚರಮ್ಮ, ನನ್ನ ವೋಟು ಬೇರೆ ಅಂದ್ರೆ ನನ್ನ ಯೇಸುನೂ ಬೇರೆನಾ?'

ಅವತ್ತು ಅಲ್ಲೇ ಕ್ಷಮೆ ಕೇಳಿದೆ. ಆಮೇಲೆ ನನ್ನ ಅಭಿಪ್ರಾಯವನ್ನು ನನ್ನದು ಅಂತಲೇ ಹೇಳುತ್ತೇನೆ, ಗಟ್ಟಿಯಾಗೇ ಹೇಳುತ್ತೇನೆ. ಅದಕ್ಕೆ ದೇವರ ಹೆಸರಿನ ಮುದ್ರೆ ಒತ್ತೋದಿಲ್ಲ. ನಿಮ್ಮ ಪಾಸ್ಟರ್ ಒತ್ತಿದ್ದೂ ತಪ್ಪು, ನಾನು ಒತ್ತಿದ್ದೂ ತಪ್ಪು.

ಲಿಂಗಸೂಗೂರು

ಪಾಸ್ಟರ್ ಪರವಾಗಿ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ತಂಗಿ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ತಡೆಯೋ ಕಾಯ್ದೆ ಬಂದ ಮೇಲೆ ಸಣ್ಣ ಸಣ್ಣ ಸಭೆ ನಡೆಸುವವರು ತುಂಬಾ ಹೆದರಿದ್ದರು. ನಮ್ಮ ಭಾವ ಬಾಡಿಗೆ ಮನೆಯಲ್ಲಿ ಸಭೆ ನಡೆಸ್ತಾರೆ. ಯಾರೋ ದೂರು ಕೊಟ್ಟರು ಅಂತ ಎರಡು ಸಲ ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂತು ಬಂದಿದ್ದಾರೆ. ಗುಂಪಿನಲ್ಲಿ ಒಬ್ಬರು ಸರ್ಕಾರದ ವಿರುದ್ಧ ಬರೆದರೆ ಅದರ ಫೋಟೋ ಯಾರ ಕೈಗೆ ಹೋಗುತ್ತೋ ಅನ್ನೋ ಭಯ ಅವರಿಗೆ. ಭಯಕ್ಕೆ ವಾಕ್ಯ ಹೊದಿಸಿದ್ದು ಸರಿಯಲ್ಲ, ಒಪ್ತೀನಿ. ಆದರೂ ಪ್ರಾರ್ಥನೆಗೆ ಮಾಡಿದ ಗುಂಪಿನಲ್ಲಿ ಬರೆಯೋ ಮೊದಲು ಅವರನ್ನು ಒಂದು ಸಲ ಕೇಳಬಹುದಿತ್ತು, ಅಲ್ವಾ? ನಿಮ್ಮ ಸ್ವಂತ ಪುಟದಲ್ಲಿ ಧಾರಾಳವಾಗಿ ಬರೆಯಿರಿ.

ಮಾನ್ವಿ ಕಡೆಯ ರೈತ

ಸಭೆಯಲ್ಲಿ ರಾಜಕೀಯ ಬೇಡ ಅನ್ನೋದು ಹೊಟ್ಟೆ ತುಂಬಿದವರ ಮಾತು. ನಾವು ದಲಿತ ಕ್ರೈಸ್ತರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದವನಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ನಮ್ಮನ್ನು ಹೊರಗೇ ಬಿಟ್ಟರು. ಊರಲ್ಲಿ ನಮ್ಮ ಕೇರಿ ಇದ್ದಲ್ಲೇ ಇದೆ, ಹೋಟೆಲಿನಲ್ಲಿ ನೋಡೋ ನೋಟವೂ ಬದಲಾಗಿಲ್ಲ. ಇದರ ಬಗ್ಗೆ ಮಾತಾಡಿದರೆ ದೇವರ ನೇಮಕ ಎದುರಿಸಿದ ಹಾಗಾ?

ನನಗೆ ಬಲ ಕೊಟ್ಟದ್ದು ನಾಬೋತನ ಕಥೆ, 1 ಅರಸುಗಳು 21. ಅಹಾಬ ಅರಸನಿಗೆ ನಾಬೋತನ ದ್ರಾಕ್ಷಿತೋಟ ಬೇಕಿತ್ತು. ಪಿತೃಗಳಿಂದ ಬಂದ ಭೂಮಿ ಕೊಡಲ್ಲ ಅಂದ ನಾಬೋತ. ಸುಳ್ಳು ಸಾಕ್ಷಿ ಹೇಳಿಸಿ ಅವನನ್ನು ಕೊಲ್ಲಿಸಿದರು. ಅರಸ ಆ ತೋಟಕ್ಕೆ ಇಳಿದಾಗ ಎದುರಿಗೆ ಪ್ರವಾದಿ ಎಲೀಯ ನಿಂತಿದ್ದ. ಕೊಂದು ಸ್ವಾಧೀನ ಮಾಡ್ಕೊಂಡೆಯಾ ಅಂತ ಅರಸನ ಮುಖಕ್ಕೇ ಕೇಳು ಅಂತ ಅವನನ್ನು ಕಳಿಸಿದ್ದು ದೇವರೇ. ಭೂಮಿ ಕಳೆದುಕೊಂಡವರ ಮಧ್ಯೆ ಬೆಳೆದವನು ನಾನು. ಆ ಅಧ್ಯಾಯ ಓದುವಾಗ ಈಗಲೂ ಗಂಟಲು ಕಟ್ಟುತ್ತದೆ.

ಬಳ್ಳಾರಿ, ವಕೀಲರು

ನಾನು ಕ್ಯಾಥೊಲಿಕ್. ಕಾನೂನಿನ ಮಾತು ಸ್ವಲ್ಪ ಹೇಳಿಬಿಡುತ್ತೇನೆ. ಧರ್ಮದ ಹೆಸರಲ್ಲಿ ವೋಟು ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯ 123(3)ರಲ್ಲಿ ಚುನಾವಣಾ ಭ್ರಷ್ಟಾಚಾರ. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ಧಾರ್ಮಿಕ ಸ್ಥಳವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದು ಅಂತ 1988ರ ಕಾಯ್ದೆ ಬೇರೆ ಇದೆ. ನಮ್ಮ ಫಾದರ್‌ಗಳು ಸರ್ಕಾರದ ಅಧಿಕಾರ ನಡೆಸುವ ಹುದ್ದೆ ಹಿಡಿಯುವಂತಿಲ್ಲ, ಅದು 1983ರ ಧರ್ಮಸಭೆಯ ಕಾನೂನಿನಲ್ಲೇ ಇದೆ. ಹಾಗಂತ ಕಾಲುವೆ ನೀರಿನ ಬಗ್ಗೆ ಒಬ್ಬ ನಾಗರಿಕಳು ಬರೆಯೋದು ಇದ್ಯಾವುದಕ್ಕೂ ವಿರುದ್ಧ ಅಲ್ಲ. ನೀನು ವೋಟು ಕೇಳಿಲ್ಲ, ನೀರು ಕೇಳಿದ್ದೀಯ.

ಮುನಿರಾಬಾದ್, ಕೊಪ್ಪಳ ಜಿಲ್ಲೆ

ನೀರಿನ ಮಾತು ಬಂತು ಅಂತ ಹೇಳ್ತೀನಿ. ನಾನು ಪೆಂತೆಕೋಸ್ತ್ ಸಭೆಗೆ ಹೋಗೋನು. ಪ್ರಾರ್ಥನೆ ಮಾಡೋದಷ್ಟೇ ನಮ್ಮ ಕೆಲಸ, ಉಳಿದದ್ದು ಲೋಕದವರದ್ದು ಅಂತಲೇ ಬೆಳೆದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ಕಡಿದು ಕೊಚ್ಚಿಕೊಂಡು ಹೋಯ್ತು. ಇಡೀ ವರ್ಷದ ನೀರು ಕಣ್ಣೆದುರಿಗೇ ಹರಿದು ಹೋಗ್ತಿತ್ತು. ಸಭೆಯಲ್ಲಿ ಸೇರಿದೆವು. ಒಬ್ಬ ವಯಸ್ಸಾದ ಅಣ್ಣ, ಬೆಸುಗೆ ಹಾಕೋರಿಗೆ, ಕ್ರೇನ್ ನಡೆಸೋರಿಗೆ, ಇಂಜಿನಿಯರಿಗೆ, ಮಂತ್ರಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಪ್ರಾರ್ಥಿಸಿದರು. ಆಮೆನ್ ಅಂದು ಚಪ್ಪಲಿ ಮೆಟ್ಟಿಕೊಂಡವರೇ ಕೇಳಿದರು: 'ಚೈನು ಕೊನೇ ಸಲ ಯಾವಾಗ ನೋಡಿದ್ರು ಅಂತ ಕೇಳಿ ಒಂದು ಅರ್ಜಿ ಬರೀಬೇಕು. ನಿನ್ನ ಅಕ್ಷರ ಚೆನ್ನಾಗಿದೆ, ಬಾ.'

ಅವರ ಮನೆ ಕಟ್ಟೆ ಮೇಲೆ ಕೂತು ಬರೆದೆ. ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಿರಿ ಅಂತ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಯಾರಿಗಾಗಿ ದಿನಾ ಪ್ರಾರ್ಥಿಸ್ತೀವೋ ಅವರ ಕೆಲಸ ಹೇಗಿದೆ ಅಂತ ಕೇಳದೆ ಇರೋದು ನನಗೆ ಈಗ ಅರ್ಧ ಪ್ರಾರ್ಥನೆ ಅನ್ನಿಸುತ್ತೆ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ನಮ್ಮ ಅರ್ಜಿಗೆ ಉತ್ತರ ಬರಲಿಲ್ಲ. ಮತ್ತೊಂದು ಬರೆದೆವು.

ಸಿಂಧನೂರು ತಾಲೂಕಿನಿಂದ, ಪ್ರಶ್ನೆ ಕೇಳಿದವಳು

ಎಲ್ಲರಿಗೂ ವಂದನೆ. ಲಿಂಗಸೂಗೂರಿನ ಅಣ್ಣ ಹೇಳಿದ್ದು ಮನಸ್ಸಿಗೆ ನಾಟಿತು. ಪಾಸ್ಟರ್ ಮನೆಗೆ ಹೋಗಿ, ಕೇಳದೆ ಗುಂಪಿನಲ್ಲಿ ಹಾಕಿದ್ದಕ್ಕೆ ಕ್ಷಮೆ ಕೇಳಿದೆ. ಬರೆದ ವಿಷಯಕ್ಕೆ ಕೇಳಲಿಲ್ಲ. ಅವರು ಕಾಫಿ ಕೊಟ್ಟರು, ಜಾಸ್ತಿ ಮಾತಾಡಲಿಲ್ಲ.

ಟೀಚರಮ್ಮ, ನಿಮ್ಮ ತಾತನ ವಿಷಯ ಅಪ್ಪಾಜಿಗೆ ಓದಿ ಹೇಳಿದೆ. ಅವರು ಸುಮ್ಮನೆ ಎದ್ದು ಬೈಬಲ್ ತಂದು, 1 ಸಮುವೇಲ 8 ತೆಗೆದು ನನ್ನ ಕೈಗೆ ಕೊಟ್ಟರು. ಜನ ಅರಸ ಬೇಕು ಅಂದಾಗ ಪ್ರವಾದಿ ಸಮುವೇಲ ಎಚ್ಚರಿಸೋ ಭಾಗ. ಅವನು ನಿಮ್ಮ ಮಕ್ಕಳನ್ನು ತಗೊಳ್ತಾನೆ, ಒಳ್ಳೊಳ್ಳೆ ಹೊಲ ತಗೊಳ್ತಾನೆ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ತಗೊಳ್ತಾನೆ. ಹೊಲದ ಮಾತು ಬಂದಾಗ ಅಪ್ಪಾಜಿ, 'ಇನ್ನೊಂದು ಸಲ ಓದು' ಅಂದರು. ಓದಿದೆ. 'ನೀರಿನ ವಿಷಯ ಪೇಪರಿಗೆ ಬರೆದು ಕಳಿಸು, ಕೊನೇ ತೂಬು ಯಾವುದು ಅಂತ ನಾನು ತೋರಿಸ್ತೀನಿ' ಅಂದು ತಟ್ಟೆ ಹಾಕಿಸಿಕೊಂಡರು.